ಒರಿತ್ಸು ಮರೆತ ನೃತ್ಯ

ಜಪಾನಿನ ಉತ್ತರದ ಕಡಲತಡಿಯ ಒಂದು ಊರು. ಅಲ್ಲಿ ನದಿಯ ಪಕ್ಕದ ಗೇಶಾಗಳ ಬೀದಿಯಲ್ಲಿ ಒರಿತ್ಸು ಎಂಬ ನೃತ್ಯಗುರು ಇದ್ದರು.

ಔತಣದ ಮನೆಗಳಲ್ಲಿ ಹಾಡಿ ಕುಣಿದು, ಅತಿಥಿಗಳ ಜೊತೆ ನಗುತ್ತ ಮಾತಾಡಿ, ನಲವತ್ತು ವರ್ಷ ಅವರೂ ಗೇಶಾ ಆಗಿ ಬಾಳಿದವರು. ಈಗ ಎಪ್ಪತ್ತು ದಾಟಿತ್ತು. ಕಲಿಸುವುದೊಂದೇ ಉಳಿದಿತ್ತು.

ಸುಮಿಯೆ ಅವರ ಶಿಷ್ಯೆ. ಹೆತ್ತವರು ಯುದ್ಧದಲ್ಲಿ ಬಾಂಬಿಗೆ ಸತ್ತ ಮೇಲೆ, ಹನ್ನೆರಡರ ಹುಡುಗಿಯನ್ನು ಚಿಕ್ಕಪ್ಪ ಈ ಬೀದಿಯ ಒಂದು ಮನೆಗೆ ತಂದು ಬಿಟ್ಟಿದ್ದ. ಇಲ್ಲಿಯ ರೂಢಿಯಂತೆ ಮನೆಯೊಡತಿ ಅವಳಿಗೆ ಅಮ್ಮನಾದಳು. ಹಿರಿಯ ಗೇಶಾಗಳು ಅಕ್ಕಂದಿರಾದರು.

ಒರಿತ್ಸು ಮಾತ್ರ ಗುರುಗಳಾಗಿಯೇ ಉಳಿದರು. ಏಳು ವರ್ಷದಲ್ಲಿ ಒಮ್ಮೆಯೂ ಅವಳನ್ನು ಹೊಗಳಿರಲಿಲ್ಲ.

ಅವರಿಗೆ ಒಂದು ಹಳೆಯ ನೃತ್ಯ ಗೊತ್ತಿತ್ತು. ಹೆಂಗಸೊಬ್ಬಳು ಹೊಳೆಯ ದಡದಲ್ಲಿ ನಿಂತು, ಗಂಡ ಬರುವ ದೋಣಿಗಾಗಿ ಕಾಯುವ ಕಥೆ. ಮೂರು ಭಾಗ. ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ. ಅದನ್ನು ಬಲ್ಲ ಇನ್ನಿಬ್ಬರು ಯುದ್ಧಕಾಲದಲ್ಲಿ ತೀರಿಕೊಂಡಿದ್ದರು.

ಸುಮಿಯೆ ಎರಡು ಭಾಗ ಕಲಿತಿದ್ದಳು.

"ಮೂರನೆಯದು ಯಾವಾಗ, ಗುರುಗಳೇ?"

"ಹಿಮ ಕರಗಲಿ."

ಹಿಮ ಕರಗಿತು. ಒರಿತ್ಸು ಮತ್ತೆ ಮೊದಲ ಭಾಗವನ್ನೇ ಶುರುಮಾಡಿದರು. ಮರುದಿನವೂ ಅದನ್ನೇ. ಅದರ ಮರುದಿನವೂ.

ನಾಲ್ಕನೆಯ ದಿನ, ಹತ್ತು ಹುಡುಗಿಯರು ಸಾಲಾಗಿ ಕೂತು ನೋಡುತ್ತಿದ್ದಾಗ, ಅವರ ಹೆಜ್ಜೆ ತಪ್ಪಿತು.

"ಗುರುಗಳೇ, ಎಡಕ್ಕಲ್ಲ. ಅಲ್ಲಿ ಬಲಕ್ಕೆ ತಿರುಗಬೇಕು," ಎಂದಳು ಸುಮಿಯೆ.

ಶಾಮಿಸೆನ್ ನುಡಿಸುತ್ತಿದ್ದವಳ ಕೈ ತಂತಿಯ ಮೇಲೆ ನಿಂತಿತು.

ಒರಿತ್ಸು ಬೀಸಣಿಗೆ ಮಡಚಿದರು. ಯಾರನ್ನೂ ನೋಡದೆ ಒಳಗೆ ಹೋದರು. ಮೂರು ದಿನ ಅವರ ಮನೆಯ ಬಾಗಿಲು ತೆರೆಯಲಿಲ್ಲ.

"ಎಂಥ ಕೆಲಸ ಮಾಡಿದೆ ನೀನು?" ಮನೆಯೊಡತಿ ಸುಮಿಯೆಗೆ ಬೈದಳು. "ಅವರಿಗೆ ಮರೆವು ಬಂದಿದೆ ಅಂತ ಈ ಬೀದಿಗೆಲ್ಲ ಗೊತ್ತು. ಯಾರಾದರೂ ಬಾಯಿ ಬಿಟ್ಟಿದ್ದರಾ?"

"ನನಗೆ ಗೊತ್ತಿರಲಿಲ್ಲ ಅಮ್ಮಾ."

"ಹೋಗು. ಕಾಲು ಹಿಡಿದಾದರೂ ಕ್ಷಮೆ ಕೇಳು."

ಸುಮಿಯೆ ಹೋದಳು. ಕರೆದರೆ ಉತ್ತರ ಬರಲಿಲ್ಲ. ಮೆಲ್ಲನೆ ಬಾಗಿಲು ಸರಿಸಿದಳು.

ಒರಿತ್ಸು ಕನ್ನಡಿಯ ಮುಂದೆ ಕೂತಿದ್ದರು. ಮುಖದ ಅರ್ಧಕ್ಕೆ ಬಿಳಿ ಬಣ್ಣ ಹಚ್ಚಿಕೊಂಡಿದ್ದರು, ಔತಣಕ್ಕೆ ಹೊರಟ ಎಳೆಯ ಗೇಶಾ ಹಚ್ಚಿಕೊಳ್ಳುವ ಹಾಗೆ. ಸುಕ್ಕುಗಳಲ್ಲಿ ಬಣ್ಣ ಬಿರುಕು ಬಿಟ್ಟಿತ್ತು.

"ಇವತ್ತು ನನ್ನನ್ನು ಯಾವ ಮನೆಗೆ ಕರೆದಿದ್ದಾರೆ?" ಎಂದು ಕೇಳಿದರು.

ಸುಮಿಯೆ ಬಟ್ಟೆ ಒದ್ದೆ ಮಾಡಿ ತಂದು, ಎದುರು ಕೂತು, ಆ ಬಣ್ಣವನ್ನು ಒರೆಸತೊಡಗಿದಳು. ಒರಿತ್ಸು ಮಗುವಿನಂತೆ ಮುಖ ಕೊಟ್ಟು ಕೂತರು.

ಕೆನ್ನೆ ಪೂರ್ತಿ ಕಾಣುವ ಹೊತ್ತಿಗೆ ಅವರ ಕಣ್ಣು ತಿಳಿಯಾಯಿತು.

"ಸುಮಿಯೆ?"

"ಹೌದು, ಗುರುಗಳೇ. ನನ್ನಿಂದ ತಪ್ಪಾಯಿತು."

"ಬಲಕ್ಕೆ ತಿರುಗಬೇಕಾದದ್ದು ನಿಜ ತಾನೇ?"

"ನಿಜ."

"ಮತ್ತೆ ತಪ್ಪೇನು?"

"ಎಲ್ಲರ ಮುಂದೆ ಹೇಳಿಬಿಟ್ಟೆ."

"ಉಳಿದವರು ಹೇಳಲಿಲ್ಲ. ನನ್ನ ಮಾನ ಉಳಿಯಲಿ ಅಂತ ಸುಮ್ಮನಿದ್ದರು. ಅವರನ್ನು ನಂಬಿದ್ದರೆ, ನಾಳೆ ಹತ್ತು ಹುಡುಗಿಯರೂ ಎಡಕ್ಕೇ ತಿರುಗುತ್ತಿದ್ದರು."

"ಹಾಗಾದರೆ ಬಾಗಿಲು ಯಾಕೆ ಹಾಕಿಕೊಂಡಿರಿ?"

"ಮೂರನೆಯ ಭಾಗವನ್ನು ಹುಡುಕುತ್ತಿದ್ದೆ."

ಅವರು ಎದ್ದು ಚಾಪೆಯ ನಡುವೆ ನಿಂತರು. ಬೀಸಣಿಗೆ ಬಿಡಿಸಿದರು. ಬಲಗೈ ಹೊಳೆಯ ಕಡೆಗೆ ಎಂಬಂತೆ ಮೇಲೆದ್ದಿತು. ಅಲ್ಲಿಯೇ ನಿಂತಿತು.

ಸುಮಿಯೆ ಕಾದಳು. ಎತ್ತಿದ ತೋಳು ನಡುಗಲು ಶುರುವಾಯಿತು.

"ಹೋಯಿತು," ಎಂದರು ಒರಿತ್ಸು. ಕೈ ಇಳಿಸಿದರು.

ಸುಮಿಯೆ ಅತ್ತಳು. "ಕೊನೆಯೇ ಇಲ್ಲದ ನೃತ್ಯ ಇಟ್ಟುಕೊಂಡು ನಾನೇನು ಮಾಡಲಿ?"

"ಎರಡನೆಯ ಭಾಗ ಮುಗಿಯುವಾಗ ಆ ಹೆಂಗಸು ಏನು ಮಾಡುತ್ತಿರುತ್ತಾಳೆ?"

"ದಡದಲ್ಲಿ ನಿಂತಿರುತ್ತಾಳೆ. ಕಾಯುತ್ತಿರುತ್ತಾಳೆ."

"ದೋಣಿ ಬರುತ್ತದೋ ಇಲ್ಲವೋ, ಅವಳಿಗೆ ಗೊತ್ತಿದೆಯೇ?"

"ಇಲ್ಲ."

"ಇನ್ನು ನಿನಗೂ ಗೊತ್ತಿಲ್ಲ. ಹಾಗೇ ಕುಣಿ."

ಆ ವಸಂತದ ಉತ್ಸವದಲ್ಲಿ ಸುಮಿಯೆ ಎರಡು ಭಾಗಗಳನ್ನಷ್ಟೇ ಕುಣಿದಳು. ಸಂಗೀತ ನಿಂತ ಮೇಲೂ ಹೊಳೆಯ ಕಡೆಗೆ ಎಂಬಂತೆ ಮುಖ ಮಾಡಿ ನಿಂತೇ ಇದ್ದಳು. ನೋಡುತ್ತಿದ್ದವರಿಗೆ ಚಪ್ಪಾಳೆ ತಟ್ಟುವುದು ಯಾವಾಗ ಎಂದು ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ತನ್ನ ನಿಲುವಂಗಿಯ ಅಗಲವಾದ ತೋಳಿನಲ್ಲಿ ಮುಖ ಮುಚ್ಚಿಕೊಂಡಳು.

ಒರಿತ್ಸು ಬಂದಿರಲಿಲ್ಲ. ಉತ್ಸವ ಎಂಬುದು ಅವರ ನೆನಪಿನಲ್ಲಿ ಇರಲಿಲ್ಲ.

ಬೇಸಿಗೆಯಲ್ಲಿ ಉಳಿದ ಶಿಷ್ಯೆಯರು ಬೇರೆ ಗುರುಗಳ ಬಳಿ ಹೋದರು. ಸುಮಿಯೆ ಮಾತ್ರ ಪ್ರತಿದಿನ ಬೆಳಿಗ್ಗೆ ಬರುತ್ತಿದ್ದಳು. ಗಂಜಿ ಬೇಯಿಸಿ ಉಣಿಸುವಳು, ತಲೆ ಬಾಚುವಳು, ಆಮೇಲೆ ಅವರ ಎದುರು ಕುಣಿಯುವಳು. ಒರಿತ್ಸು ಗೋಡೆಗೆ ಒರಗಿ ನೋಡುವರು. ಮೊದಮೊದಲು ತಿದ್ದುತ್ತಿದ್ದರು. ನಂತರ ಸುಮ್ಮನಾದರು.

ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ಸುಮಿಯೆಯ ಹೆಸರೂ ಅವರ ನೆನಪಿನಿಂದ ಹೋಯಿತು.

ಒಂದು ಬೆಳಿಗ್ಗೆ, ನೃತ್ಯ ಮುಗಿದ ಮೇಲೆ, ಒರಿತ್ಸು ಅವಳನ್ನೇ ದಿಟ್ಟಿಸಿ ನೋಡಿದರು. ಯಾವಾಗಲೂ ನೀನು ಎನ್ನುತ್ತಿದ್ದವರು ಅಂದು ನೀವು ಎಂದರು.

"ನೀವು ಬಹಳ ಚೆನ್ನಾಗಿ ಕುಣಿಯುತ್ತೀರಿ."

ಸುಮಿಯೆ ತಲೆ ತಗ್ಗಿಸಿದಳು. ಏಳು ವರ್ಷ ಅವಳು ಆಸೆಪಟ್ಟ ಮಾತು ಅದು. ಹೀಗೆ ಬರುತ್ತದೆ ಎಂದು ಎಣಿಸಿರಲಿಲ್ಲ.

"ಯಾರು ಕಲಿಸಿದ್ದು?"

"ಒರಿತ್ಸು ಅಂತ ಒಬ್ಬ ಗುರುಗಳು."

"ಒಳ್ಳೆಯವರೇ?"

"ತುಂಬ ಕಟ್ಟುನಿಟ್ಟು."

"ಅವರು ಈಗ ಎಲ್ಲಿದ್ದಾರೆ?"

ಸುಮಿಯೆ ಬೀಸಣಿಗೆ ಮಡಚಿದಳು. "ಸ್ವಲ್ಪ ದೂರ ಹೋಗಿದ್ದಾರೆ."

ಒರಿತ್ಸು ನಾಚುತ್ತಲೇ ಕೇಳಿದರು, "ನನಗೂ ಕಲಿಸುತ್ತೀರಾ? ವಯಸ್ಸಾಗಿದೆ, ಬೇಗ ಬರಲಿಕ್ಕಿಲ್ಲ."

ಸುಮಿಯೆ ಅವರ ಕೈ ಹಿಡಿದು ಎಬ್ಬಿಸಿದಳು. ಬೆನ್ನ ಹಿಂದೆ ನಿಂತು, ಮಣಿಕಟ್ಟು ಹಿಡಿದು, ಮೊದಲ ಹೆಜ್ಜೆ ಇಡಿಸಿದಳು. ಒಂದು, ಎರಡು. ಮೂರನೆಯದಕ್ಕೆ ಅವರು ಎಡವಿದರು. ಮತ್ತೆ ಮೊದಲಿಂದ. ಅವರ ಹಗುರವಾದ ಮೈ ಅವಳ ಎದೆಗೆ ಒರಗಿತ್ತು. ಅವಳ ಕಣ್ಣೀರು ಅವರ ಬಿಳಿ ಕೂದಲಿಗೆ ಬೀಳುತ್ತಿತ್ತು. ಅದು ಅವರಿಗೆ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹೆಜ್ಜೆ ಬಂದವು.

ಒರಿತ್ಸು ಕಷ್ಟಪಟ್ಟು ಮೊಣಕಾಲೂರಿದರು. ಬೀಸಣಿಗೆಯನ್ನು ಮುಂದಿಟ್ಟು, ಹಣೆ ಚಾಪೆಗೆ ಮುಟ್ಟುವಂತೆ ಬಾಗಿದರು.

"ಗುರುಗಳೇ," ಎಂದರು, "ನಾಳೆ ಎಷ್ಟು ಹೊತ್ತಿಗೆ ಬರಲಿ?"