ಜಗ್ಗುರಸ ಮತ್ತು ಬಿಡುರಸ

ಟಾಂಗಾ ಎಳೆಯುವ ಹೆಣ್ಣು ಕುದುರೆಯೊಂದರ ಬೆನ್ನುಹುರಿಯಲ್ಲಿ ಎರಡು ರಸಗಳು ದೂತರಾಗಿದ್ದವು. ಜಗ್ಗುರಸ ಒಂದು ಸ್ನಾಯುವಿಗೆ "ಜಗ್ಗು" ಎಂದಾಗ, ಬಿಡುರಸ ಅದರ ಎದುರಿನ ಸ್ನಾಯುವಿಗೆ "ಬಿಡು" ಎನ್ನುತ್ತಿತ್ತು. ಕುದುರೆ ಹಾಗೆ ಹೆಜ್ಜೆ ಹಾಕುತ್ತಿತ್ತು.

"ಗಾಡಿ ಸಾಗುವುದು ನನ್ನಿಂದ. ನಿನ್ನದೂ ಒಂದು ಕೆಲಸವೇ?" ಎಂದು ಜಗ್ಗುರಸ ದಿನವೂ ಹಂಗಿಸುತ್ತಿತ್ತು.

"ನಿನಗೆ ದಾರಿ ಬಿಡಿಸಿಕೊಡುತ್ತೇನೆ ಅಣ್ಣಾ, ಅಷ್ಟೇ," ಎನ್ನುತ್ತಿತ್ತು ಬಿಡುರಸ.

ಒಮ್ಮೆ ಯಜಮಾನ ಮಕ್ತುಂಸಾಬ ಹೊಸ ಮೊಳೆ ತರಲು ಬೇಸರಪಟ್ಟು, ಲಾಳಕ್ಕೆ ತುಕ್ಕು ಹಿಡಿದ ಮೊಳೆಯನ್ನೇ ಹೊಡೆದ. ಅದು ಗೊರಸಿನೊಳಗಿನ ಮಾಂಸಕ್ಕೆ ನೆಟ್ಟಿತು. ಆ ಗಾಯದಿಂದ ಧನುರ್ವಾಯುವಿನ ವಿಷ ಬೆನ್ನುಹುರಿಗೆ ಏರಿ, ಬಿಡುರಸದ ಬಾಯಿ ಕಟ್ಟಿತು.

"ಇನ್ನು ನನ್ನದೇ ಆಳ್ವಿಕೆ!" ಎಂದು ಜಗ್ಗುರಸ ಕೂಗಿತು. ಸ್ನಾಯುಗಳೆಲ್ಲ ಒಟ್ಟಿಗೆ ಜಗ್ಗಿದವು. ಕುದುರೆ ಕಟ್ಟಿಗೆಯಂತೆ ಸೆಟೆದು ನಿಂತಿತು.

"ಒಂದ ಒಂದ್ ಹೆಜ್ಜಿ ಇಡವ್ವಾ," ಎಂದು ಮಕ್ತುಂಸಾಬ ಅತ್ತ. ಕುದುರೆಯ ಎಳೆಯ ಮರಿ ಬಂದು ಮೂತಿ ಚಾಚಿತು. ತಾಯಿಗೆ ಕತ್ತು ಬಗ್ಗಿಸಿ ನೆಕ್ಕಲು ಆಗಲಿಲ್ಲ. ಕತ್ತು ಬಗ್ಗಿಸಲೆಂದು ಜಗ್ಗುರಸ ಇದ್ದ ಬಲವನ್ನೆಲ್ಲ ಹಾಕಿತು. ಕತ್ತು ಇನ್ನಷ್ಟು ಸೆಟೆಯಿತು.

"ತಮ್ಮಾ, ಒಂದೇ ಒಂದು ಸಲ 'ಬಿಡು' ಅನ್ನು. ಅವಳು ಮರಿಯನ್ನು ನೆಕ್ಕಲಿ," ಎಂದು ಅದು ಬೇಡಿಕೊಂಡಿತು.

ಬಾಯಿ ಕಟ್ಟಿದ ಬಿಡುರಸ ಪಕ್ಕದಲ್ಲೇ ಇತ್ತು. ಎಲ್ಲವೂ ಅದಕ್ಕೆ ಕೇಳಿಸುತ್ತಿತ್ತು.