ಹಾಲಪ್ಪ ಬ್ರೇಕ್ ರಿಪೇರಿ ಮಾಡಿಸಿದ್ದು

ಹೊಸದುರ್ಗದ ಗಿರಿಯಮ್ಮನಿಗೆ ಇದ್ದದ್ದು ಎರಡೇ. ಒಂದು, ಗಂಡ ಬಿಟ್ಟುಹೋದ ಹಳೇ ಬಿಳೀ ಕಾರು. ಇನ್ನೊಂದು, ಮಗ ಹಾಲಪ್ಪ. ಆ ಕಾರನ್ನು ಬಾಡಿಗೆಗೆ ತಾನೇ ಓಡಿಸಿ ಗಿರಿಯಮ್ಮ ಸಂಸಾರ ನಡೆಸುತ್ತಿದ್ದಳು. ಕಾರು ಕೆಲವು ಸಲ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಗ ಮಾತ್ರ ಯಾವಾಗಲೂ ಕೇಳುತ್ತಿದ್ದ, ಅಕ್ಷರ ಬಿಡದೆ ಕೇಳುತ್ತಿದ್ದ. ಗಿರಿಯಮ್ಮ ತಲೆ ಚಚ್ಚಿಕೊಳ್ಳುತ್ತಿದ್ದದ್ದು ಅದಕ್ಕೇ.

ಒಂದು ದಿನ ಬ್ರೇಕ್ ಪೆಡಲ್ ಬಿಗಿದುಕೊಂಡುಬಿಟ್ಟಿತು. ಎರಡು ಕಾಲಲ್ಲಿ ಒತ್ತಿದರೂ ಒಳಗೆ ಹೋಗದು. ಹೇಗೋ ಮನೆ ಸೇರುವಷ್ಟರಲ್ಲಿ ಗಿರಿಯಮ್ಮನ ಮೊಣಕಾಲು ಹಿಡಿದುಕೊಂಡಿತು. ಮಾರನೇ ದಿನ ಬೆಳಗ್ಗೆಯೇ ಎದುರುಮನೆ ಕೆಂಚಪ್ಪ ಮೇಷ್ಟ್ರನ್ನು ಕಣ್ಣಿನ ಆಪರೇಷನ್‌ಗೆ ಕರೆದೊಯ್ಯಬೇಕು. ದಿನ ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು.

"ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋಗಪ್ಪ. ಬ್ರೇಕ್ ಬಿಗಿಯಾಗಿದೆ, ಏನು ಮಾಡ್ಬೇಕು ಅಂತ ಕೇಳ್ಕೊಂಡು ಬಾ" ಅಂದಳು.

ಹಾಲಪ್ಪ ಹೋದ. ಸಾಬರು ಒಂದು ಲಾರಿಯ ಅಡಿ ಮಲಗಿದ್ದರು. ಅಲ್ಲಿಂದಲೇ ಹೇಳಿದರು. "ಇಂಜಿನ್ ಆರಿಸು. ಐದಾರು ಸಲ ಬ್ರೇಕ್ ತುಳಿ. ಆಮೇಲೆ ಒತ್ತಿ ಹಿಡಿ, ಕಾಲು ಎತ್ತಬೇಡ. ಅಮ್ಮನಿಗೆ ಇಂಜಿನ್ ಶುರು ಮಾಡೋಕೆ ಹೇಳು. ಪೆಡಲ್ ತಾನಾಗಿ ಒಂಚೂರು ಕೆಳಗಿಳಿಯುತ್ತಾ ನೋಡಿ ಬಂದು ಹೇಳು."

ಹಾಲಪ್ಪ ಮನೆಗೆ ಬಂದವನೇ ಬಾನೆಟ್ ಎತ್ತಿದ, ಅಡುಗೆಮನೆಯಿಂದ ಮೊರ ತಂದ, ಇಂಜಿನ್‌ಗೆ ಗಾಳಿ ಬೀಸತೊಡಗಿದ. ಬೀಸಿದ, ಬೀಸಿದ, ಬೆವರು ಸುರಿಯುವ ತನಕ ಬೀಸಿದ.

"ಏನೋ ಮಾಡ್ತಿದೀಯ?"

"ಇಂಜಿನ್ ಆರಿಸ್ತಿದೀನಮ್ಮ. ಇನ್ನೂ ಸ್ವಲ್ಪ ಬಿಸಿ ಇದೆ."

"ಅಯ್ಯೋ ನನ್ನ ಕರ್ಮವೇ. ಆರಿಸೋದು ಅಂದ್ರೆ ನಿಲ್ಲಿಸೋದು ಕಣೋ. ನಿನ್ನ ಕಡೆಯಿಂದ ಏನೂ ಸೇರಿಸಬೇಡ. ಸಾಬರು ಹೇಳಿದ್ದಷ್ಟನ್ನೇ ಮಾಡು."

ಸರಿ, ಹೇಳಿದ್ದಷ್ಟನ್ನೇ ಮಾಡಿದ. ಆರು ಸಲ ತುಳಿದ, ಒತ್ತಿ ಹಿಡಿದ. ಗಿರಿಯಮ್ಮ ಪಕ್ಕದಲ್ಲಿ ಕೂತು ಕೀಲಿ ತಿರುಗಿಸಿದಳು. ಇಂಜಿನ್ ಗುರುಗುಟ್ಟಿತು, ಪೆಡಲ್ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅವಳು ಇಂಜಿನ್ ನಿಲ್ಲಿಸಿ ಒಳಗೆ ಹೋದಳು. ಅನ್ನ ಬೆಂದಿತು, ಸಾರು ಕುದಿಯಿತು, ಮಗನ ಸುಳಿವಿಲ್ಲ. ಬಂದು ನೋಡಿದರೆ ಕಾರಿನಲ್ಲೇ ಕೂತಿದ್ದಾನೆ.

"ಊಟಕ್ಕೆ ಬಾರೋ."

"ಕಾಲು ಎತ್ತಬೇಡ ಅಂದಿದಾರಮ್ಮ. ಇಲ್ಲಿಗೇ ತಟ್ಟೆ ಕೊಡು."

"ಕೆಲಸ ಮುಗಿದ ಮೇಲೆ ಕಾಲು ಎತ್ತಬೇಕಪ್ಪ! ಪೆಡಲ್ ಇಳಿಯಲಿಲ್ಲ ಅಂತ ಸಾಬರಿಗೆ ಹೇಳಿ ಬಾ, ಹೋಗು."

ಹಾಲಪ್ಪ ಹೋಗಿ ಹೇಳಿದ. ಹೇಳಿದ ಕೆಲಸ ಮುಗಿಯಿತಲ್ಲ, ಬಲಗಾಲು ಎತ್ತಿ ಕೊಕ್ಕರೆಯ ಹಾಗೆ ನಿಂತ. ಲಾರಿ ಅಡಿಯಲ್ಲಿದ್ದ ಸಾಬರಿಗೆ ಕಂಡದ್ದು ಒಂದೇ ಪಾದ.

"ಇಂಜಿನ್ನಿನಿಂದ, ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರ್‌ಗೆ ಹೋಗೋ ರಬ್ಬರ್ ಪೈಪ್ ಸೀಳಿರಬೇಕು. ಗಾಳಿ ಸೋರಿದರೆ ಪೆಡಲ್ ಬಿಗಿಯಾಗುತ್ತೆ" ಅಂದರು. "ಇಂಜಿನ್ ಓಡುವಾಗ ಕಿವಿಗೊಟ್ಟು ಕೇಳು. ಎಲ್ಲಿ ಬುಸ್ ಅನ್ನುತ್ತೋ ಅಲ್ಲಿ ಸುಣ್ಣದ ಗುರುತು ಹಾಕು. ಪೈಪ್ ಬಿಚ್ಚಿ ತಂದರೆ ಅದೇ ಅಳತೆಯದು ಕೊಡ್ತೀನಿ. ಇನ್ನೊಂದು ಕಾಲು ಏನಾಯ್ತಪ್ಪ?"

"ಕೆಲಸ ಮುಗೀತಲ್ಲ ಸಾಬ್ರೇ" ಅಂದ ಹಾಲಪ್ಪ, ಕುಂಟುತ್ತಾ ಮನೆಗೆ ಬಂದ.

ಗಿರಿಯಮ್ಮ ಬೈದು ಅವನ ಕಾಲು ಕೆಳಗಿಡಿಸಿದಳು, ಇಂಜಿನ್ ಶುರು ಮಾಡಿದಳು. ಹಾಲಪ್ಪ ಬಾನೆಟ್ಟಿನೊಳಗೆ ಕಿವಿಯಿಟ್ಟ. ರಬ್ಬರ್ ಪೈಪು ಒಂದು ಕಡೆ ಬುಸ್ ಅಂದಿತು. ಅಲ್ಲಿಗೆ ಸುಣ್ಣ ಬಳಿದ. ನೋಡಿದರೆ ಅಲ್ಲೇ ಸೀಳು! ಗಿರಿಯಮ್ಮನಿಗೆ ಕಣ್ಣು ತುಂಬಿ ಬಂತು. ಮೂವತ್ತೆರಡು ವರ್ಷಕ್ಕೆ ಮಗ ಒಂದು ಕೆಲಸ ಸರಿಯಾಗಿ ಮಾಡಿದ.

ಅಷ್ಟರಲ್ಲಿ ಕೆಂಚಪ್ಪ ಮೇಷ್ಟ್ರು ಕೋಲೂರಿಕೊಂಡು ರಸ್ತೆ ದಾಟಿ ಬಂದರು. "ನಾಳೆ ಹೊರಡೋದು ಖಂಡಿತ ತಾನೇ ಗಿರಿಯಮ್ಮ?" ಅಂದು, ಜಗಲಿ ಮೇಲೆ ಕೂತು, ಸುಸ್ತಾಗಿ ಬುಸ್ ಅಂತ ಉಸಿರು ಬಿಟ್ಟರು. ಹಾಲಪ್ಪ ಹೋಗಿ ಅವರ ಮೂಗಿನ ತುದಿಗೆ ಸುಣ್ಣ ಬಳಿದ.

ಮೇಷ್ಟ್ರಿಗೆ ಕಣ್ಣು ಕಾಣದು. "ಏನಪ್ಪಾ ಇದು, ಪ್ರಸಾದವೇ?" ಅಂದರು.

ಗಿರಿಯಮ್ಮ ಸೆರಗಿನಿಂದ ಅವರ ಮೂಗು ಒರೆಸಿದಳು. ಮಗನ ಕಡೆ ತಿರುಗಿದಳು. "ದೊಡ್ಡವರ ಮೈಮೇಲೆ ಕೈ ಹಾಕ್ತಾರೇನೋ? ಇನ್ನು ಮೇಲೆ ಏನು ಕೊಡೋದಿದ್ರೂ ದೂರ ನಿಂತು, ಎರಡು ಕೈಯಲ್ಲಿ, ಮರ್ಯಾದೆಯಿಂದ ಕೊಡು. ಮೈಗೆ ತಾಗಿಸಬೇಡ."

"ಆಯ್ತಮ್ಮ."

ಹೊಸ ಪೈಪು ಬಂತು. ಗಿರಿಯಮ್ಮ ತಾನೇ ಕೂರಿಸಿ ಕ್ಲಿಪ್ಪು ಬಿಗಿದಳು. ಕೇಳಿದ ಸ್ಕ್ರೂಡ್ರೈವರನ್ನು ಹಾಲಪ್ಪ ಮಾರು ದೂರ ನಿಂತು, ಬಗ್ಗಿ, ಎರಡು ಕೈಯಲ್ಲಿ ನೀಡಿದ. ಮತ್ತೆ ಆರು ಸಲ ತುಳಿದು, ಒತ್ತಿ ಹಿಡಿದು, ಕೀಲಿ ತಿರುಗಿಸಿದರೆ ಪೆಡಲ್ ಬೆಣ್ಣೆಯ ಹಾಗೆ ಕೆಳಗಿಳಿಯಿತು.

ಬೆಳಗ್ಗೆ ಮೂವರೂ ಹೊರಟರು. ಆಸ್ಪತ್ರೆಯ ಹೊರಗೆ ರಸ್ತೆ ಗೇಟಿನ ಕಡೆಗೇ ಇಳಿಜಾರು. ಗಿರಿಯಮ್ಮ ಅಲ್ಲಿ ಕಾರು ನಿಲ್ಲಿಸಿ ಕೈಬ್ರೇಕ್ ಎಳೆದಳು. ಅದು ಹಿಡಿಯುವುದು ಅಷ್ಟಕ್ಕಷ್ಟೆ. ಹಿಂದಿನ ಸೀಟಿನಲ್ಲಿ ಮೇಷ್ಟ್ರು ತೂಕಡಿಸುತ್ತಿದ್ದರು.

"ನಾನು ಗಾಲಿಕುರ್ಚಿ ತರ್ತೀನಿ. ನೀನು ಬೇಗ ಇಳಿದು ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಡು."

ಅವಳು ಕುರ್ಚಿ ತಳ್ಳಿಕೊಂಡು ಹೊರಗೆ ಬರುವಷ್ಟರಲ್ಲಿ ಕಾರು ಗೇಟು ದಾಟಿ ಒಳಗೆ ಬರುತ್ತಿತ್ತು. ಮೆಲ್ಲಗೆ ಬಂತು, ಗಿಡಗಳ ಪಾತಿ ಹತ್ತಿತು, ಮೆಟ್ಟಿಲ ಬುಡದ ಮರಳಿನ ಗುಡ್ಡೆಗೆ ಮೂತಿ ಇಟ್ಟು ನಿಂತಿತು. ಮೇಷ್ಟ್ರು ಎಚ್ಚರಗೊಂಡು, "ಬಾಗಿಲ ತನಕ ತಂದುಬಿಟ್ಟೆಯಲ್ಲ ತಾಯಿ, ಪುಣ್ಯ ಬರಲಿ" ಅಂದರು.

ಹಿಂದೆಯೇ ಹಾಲಪ್ಪ ಏದುಸಿರು ಬಿಡುತ್ತಾ ಓಡಿ ಬಂದ. ಎರಡೂ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು.

"ಕಲ್ಲು ಕೊಡು ಅಂದಿದ್ದೆನಲ್ಲೋ!"

"ಬಗ್ಗಿ ಮರ್ಯಾದೆಯಿಂದ ಕೊಟ್ಟೆ ಕಣಮ್ಮ" ಅಂದ ಹಾಲಪ್ಪ. "ಎರಡು ಸಲ ಕೊಟ್ಟೆ. ಚಕ್ರಾನೇ ತಗೊಳ್ಳಲಿಲ್ಲ, ಹೊರಟೇ ಹೋಯ್ತು."