ಓಲೆಯಲ್ಲದ್ದು

"ಗುರುಗಳೇ, ಪತ್ರಗಳ ನಡುವೆ ಪತ್ರವಲ್ಲದ್ದು ಬಂದರೆ ಏನು ಮಾಡಬೇಕು?" ಎಂದು ನೀಲಗಂಗೆ ಕೇಳಿದಳು.

ಕೇಳಿದ್ದು ಉತ್ತರ ಬೇಕೆಂದಲ್ಲ, ಶಹಬ್ಬಾಸ್ ಬೇಕೆಂದು. ಅವಳು ಒಂದು ಕಣ್ಣಾಸ್ಪತ್ರೆಯ ಕಚೇರಿಯಲ್ಲಿದ್ದಳು. ಶಸ್ತ್ರಚಿಕಿತ್ಸೆಗೆ ಸರದಿ ಬಂದವರನ್ನು ಇಮೇಲಿನಲ್ಲಿ ಕರೆಯುವುದು, ಬಂದ ಉತ್ತರಗಳನ್ನು ಫೋಲ್ಡರಿನಿಂದ ತೆಗೆದು ಪಟ್ಟಿ ಮಾಡುವುದು ಅವಳ ಕೆಲಸ. ಕಂಪ್ಯೂಟರ್ ತಾನೇ ಆ ಪಟ್ಟಿ ಮಾಡಲೆಂದು ಒಂದು ಸ್ಕ್ರಿಪ್ಟ್ ಬರೆದಿದ್ದಳು. ಫೋಲ್ಡರಿನಲ್ಲಿ ಸಭೆಯ ಆಹ್ವಾನವೋ, 'ನಿಮ್ಮ ಪತ್ರ ತಲುಪಲಿಲ್ಲ' ಎಂಬ ವರದಿಯೋ ಎದುರಾದರೆ ಅದು ಅಲ್ಲೇ ಮುಗ್ಗರಿಸುತ್ತಿತ್ತು. ಪತ್ರವಲ್ಲದ್ದನ್ನೆಲ್ಲ ದಾಟಿ ಹೋಗು ಎಂದು ಒಂದು ಸಾಲು ಸೇರಿಸಿದಳು. ಈಗ ಮುನ್ನೂರು ಪತ್ರ ಒಂದೇ ಉಸಿರಿಗೆ ಮುಗಿಯುತ್ತಿದ್ದವು. ಸ್ಕ್ರಿಪ್ಟ್ ಬರೆಯಲು ಕಲಿಸಿದ ಅಡವಯ್ಯನವರಿಗೇ ಅದನ್ನು ತೋರಿಸಿ, ಎದೆಯುಬ್ಬಿಸಿ ನಿಂತಿದ್ದಳು.

ಅಡವಯ್ಯನವರು ಪರದೆಯನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಬಳಿ ಒಬ್ಬ ಗುಮಾಸ್ತನಿದ್ದ. ಊರೂರಿಂದ ಬರುವ ಓಲೆಗಳನ್ನು ಬಿಚ್ಚಿ, ಓದಿ, ವಿಂಗಡಿಸುವುದು ಅವನ ಕೆಲಸ. ಬುಟ್ಟಿಯಲ್ಲಿ ಬರುತ್ತಿದ್ದದ್ದು ಓಲೆ ಮಾತ್ರವಲ್ಲ. ಮದುವೆಗೆ ಕರೆಯುವವರು ಅರಿಸಿನ ಹಚ್ಚಿದ ಅಕ್ಕಿ ಕಳಿಸುತ್ತಿದ್ದರು. ಒಯ್ದ ಓಲೆಯನ್ನು ಮುಟ್ಟಿಸಲಾಗದಿದ್ದರೆ ಓಲೆಕಾರ ಅದರ ದಾರ ಬಿಚ್ಚಿ, ಗಂಟು ಹಾಕಿ ಹಿಂದಕ್ಕೆ ಕಳಿಸುತ್ತಿದ್ದ. ಒಂದೊಂದು ಊರಿಗೆ ಒಂದೊಂದು ಬಣ್ಣದ ದಾರ.

ಮೊದಲ ದಿನ ಅಕ್ಕಿಯ ಪೊಟ್ಟಣ ಕೈಗೆ ಸಿಕ್ಕಿತು. ಇದನ್ನೇನು ಮಾಡುವುದೆಂದು ಗುಮಾಸ್ತ ಯೋಚಿಸುತ್ತ ಕೂತ. ಹೊತ್ತು ಮುಳುಗಿದರೂ ಬುಟ್ಟಿ ತುಂಬಿಯೇ ಇತ್ತು. ವರ್ತಕ ನಾಲ್ಕು ಜನರ ಮುಂದೆ ಬೈದ.

ಮರುದಿನ ಗುಮಾಸ್ತ ಪಕ್ಕದಲ್ಲಿ ಒಂದು ಮಡಕೆ ಇಟ್ಟುಕೊಂಡ. ಓಲೆಯಲ್ಲದ್ದೆಲ್ಲ ಮಡಕೆಗೆ ಹೋಯಿತು. ಮಧ್ಯಾಹ್ನಕ್ಕೆ ಮೊದಲೇ ಬುಟ್ಟಿ ಖಾಲಿ. ಬೇರೆ ಅಂಗಡಿಯವರು ಅವನ ಕೈಚಳಕ ನೋಡಲು ಬಂದು ನಿಲ್ಲುತ್ತಿದ್ದರು. ಅವನಿಗೂ ನೆಲ ಕಾಣಲಿಲ್ಲ. ಕಾಣದಿದ್ದರೆ ತಪ್ಪೇನು? ಕೆಲಸಗಾರನಿಗೆ ಅಷ್ಟು ಜಂಬವೂ ಇರದಿದ್ದರೆ ಕೆಲಸ ರುಚಿಸುವುದು ಹೇಗೆ?

ಆ ವರ್ಷ ವರ್ತಕನ ಮಗಳು ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಹೊಳೆ ತುಂಬಿತು. 'ಹೊರಡಬೇಡ, ನಾನೇ ಬಂದು ಕರೆತರುತ್ತೇನೆ' ಎಂದು ವರ್ತಕ ನೀಲಿ ದಾರ ಕಟ್ಟಿ ಓಲೆ ಕಳಿಸಿದ. ಆಮೇಲೆ ದಿನವೂ ಬಂದು ಕೇಳುತ್ತಿದ್ದ.

"ಮಗಳ ಊರಿಂದ ಓಲೆ ಬಂತೇನಪ್ಪ?"

"ಇಲ್ಲ ಧಣಿ. ಬಂದಿದ್ದರೆ ನನ್ನ ಕಣ್ಣು ತಪ್ಪಿಸಲು ಸಾಧ್ಯವೇ?"

ಅವನು ಸುಳ್ಳು ಹೇಳಲಿಲ್ಲ. ಓಲೆ ಇಲ್ಲವೆಂದರೆ ಮಗಳು ಮಾತು ಕೇಳಿ ಅಲ್ಲೇ ಉಳಿದಳೆಂದು ವರ್ತಕ ನಿಶ್ಚಿಂತನಾದ.

ಎಂಟನೆಯ ದಿನ, ಮಗಳು ಹೊರಟು ಬರುತ್ತಿದ್ದ ಹರಿಗೋಲು ಮಗುಚಿದ ಸುದ್ದಿ ಬಂತು. ಅಂಬಿಗರು ಅವಳನ್ನು ದಡಕ್ಕೆ ಎಳೆದು ಹಾಕಿದ್ದರು. ಅವಳು ಬದುಕಿದಳು, ಬಸಿರು ಉಳಿಯಲಿಲ್ಲ.

ವರ್ತಕ ಮಡಕೆಯನ್ನು ನೆಲಕ್ಕೆ ಸುರುವಿದ. ಅರಿಸಿನದ ಅಕ್ಕಿಯ ನಡುವೆ ನೀಲಿ ದಾರವಿತ್ತು, ಗಂಟು ಹಾಕಿದ್ದು. ಬಂದು ಐದು ದಿನವಾಗಿತ್ತು.

ಗುಮಾಸ್ತ ತಲೆ ತಗ್ಗಿಸಲಿಲ್ಲ. "ಧಣಿ, ಒಂದೇ ಒಂದು ಓಲೆಯನ್ನೂ ನಾನು ಬಿಟ್ಟಿಲ್ಲ" ಎಂದ.

ಅಡವಯ್ಯನವರು ಅಲ್ಲಿಗೆ ನಿಲ್ಲಿಸಿದರು. ನೀಲಗಂಗೆಗೆ ಸಿಟ್ಟು ತಡೆಯಲಾಗಲಿಲ್ಲ.

"ಎಂಥ ಮನುಷ್ಯ ಗುರುಗಳೇ ಅವನು! ದಿನಕ್ಕೊಮ್ಮೆ ಆ ಮಡಕೆಯೊಳಗೆ ಕೈ ಹಾಕಿ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

ಗುರುಗಳು ಅವಳ ಕಡೆ ತಿರುಗಿದರು.

"ನೀನು ಕಣ್ಣಿಗೆಂದು ಕರೆದವರಲ್ಲಿ, ಕರೆ ಮುಟ್ಟದವರು ಯಾರು ಯಾರು ತಂಗಿ?"

ನೀಲಗಂಗೆ ಪರದೆಯ ಕಡೆ ತಿರುಗಿ, ತಾನು ಸೇರಿಸಿದ್ದ ಆ ಒಂದು ಸಾಲನ್ನು ಹುಡುಕತೊಡಗಿದಳು.